ಕಾಯುವ ಮಗು, ಕೊಟ್ಟ ಮಾತು

ಅಮೆರಿಕದಲ್ಲಿ ಮಕ್ಕಳನ್ನು ಬೆಳೆಸುವ ಕನ್ನಡಿಗರ ಮಾತುಕತೆಯಲ್ಲಿ 'ಮಾರ್ಷ್‌ಮ್ಯಾಲೋ ಪರೀಕ್ಷೆ'ಯ ಹೆಸರು ಆಗಾಗ ಬರುತ್ತದೆ. ಕಾಯಬಲ್ಲ ಮಗು ಮುಂದೆ ಉದ್ಧಾರವಾಗುತ್ತದೆ, ಕಾಯಲಾರದ್ದು ಹಿಂದೆ ಬೀಳುತ್ತದೆ ಎಂಬುದೇ ಅದರ ಸಾರವೆಂದು ಬಹಳ ಮಂದಿ ನಂಬಿದ್ದಾರೆ. ಬೆರಳು ತಾಕಿಸಿದರೆ ಹಾಡು, ಸಿನಿಮಾ, ಊಟ ಎಲ್ಲವೂ ಮನೆಬಾಗಿಲಿಗೆ ಬರುವ ಕಾಲದಲ್ಲಿ ಈ ನಂಬಿಕೆ ಹೆತ್ತವರಲ್ಲಿ ಭಯ ಹುಟ್ಟಿಸುವುದು ಸಹಜ. ನನ್ನಲ್ಲೂ ಆ ಭಯವಿತ್ತು. ಅದೇ ಕಾರಣಕ್ಕೆ ಪರೀಕ್ಷೆಯ ಚರಿತ್ರೆಯನ್ನು ಹುಡುಕಿ ಓದಿದೆ.

ಇದನ್ನು ರೂಪಿಸಿದ ವಾಲ್ಟರ್ ಮಿಶೆಲ್ 1930ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು. 1938ರಲ್ಲಿ ಆಸ್ಟ್ರಿಯಾ ನಾಜಿಗಳ ವಶವಾದಾಗ ಅವರ ಯಹೂದಿ ಕುಟುಂಬ ಊರು ಬಿಟ್ಟು ನ್ಯೂಯಾರ್ಕ್ ಸೇರಿತು. ಅವರ ಮೊದಲ ಪ್ರಯೋಗ ನಡೆದದ್ದು ಟ್ರಿನಿಡಾಡ್‌ನಲ್ಲಿ. ಅಲ್ಲಿನ ಶಾಲಾಮಕ್ಕಳಲ್ಲಿ ಆಫ್ರಿಕಾ ಮೂಲದವರೂ ಇದ್ದರು, ನಮ್ಮ ದೇಶದಿಂದ ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಹೋದವರ ಸಂತತಿಯವರೂ ಇದ್ದರು. ಈಗಲೇ ಚಿಕ್ಕ ಮಿಠಾಯಿಯೋ, ಒಂದು ವಾರದ ನಂತರ ದೊಡ್ಡದೋ ಎಂದು ಅವರನ್ನು ಕೇಳಲಾಯಿತು. ಮನೆಯಲ್ಲಿ ತಂದೆ ಇಲ್ಲದ ಮಕ್ಕಳು ಚಿಕ್ಕದನ್ನು ಆರಿಸಿದ್ದು ಹೆಚ್ಚು ಎಂದು 1958ರ ವರದಿ ಹೇಳಿತು. ನಂಬಿಕೆಯ ಪ್ರಶ್ನೆ ಆಗಲೇ ತಲೆ ಎತ್ತಿತ್ತು.

1960ರ ದಶಕದ ಕೊನೆಗೆ ಮಿಶೆಲ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಂಗ್ ಶಿಶುವಿಹಾರದಲ್ಲಿ ಪ್ರಯೋಗ ಮುಂದುವರಿಸಿದರು. ನಾಲ್ಕೈದು ವರ್ಷದ ಮಗುವಿನ ಮುಂದೆ ತಿಂಡಿ ಇಟ್ಟು ದೊಡ್ಡವರು ಕೋಣೆಯಿಂದ ಹೊರಹೋಗುವರು. ಗಂಟೆ ಬಾರಿಸಿ ಅವರನ್ನು ಕರೆದರೆ ಕಡಿಮೆ ತಿಂಡಿ. ಅವರು ತಾವಾಗಿ ಬರುವ ತನಕ ಕಾದರೆ ಹೆಚ್ಚು. ತಿಂಡಿ ಕಣ್ಣಿಗೆ ಬೀಳದಂತೆ ಇಟ್ಟಾಗ ಮಕ್ಕಳು ಹೆಚ್ಚು ಹೊತ್ತು ಕಾದರು. ಕೆಲವರು ಹಾಡಿಕೊಂಡರು, ಕೆಲವರು ಕಣ್ಣು ಮುಚ್ಚಿಕೊಂಡರು. ಅಂದರೆ ತಾಳ್ಮೆ ಹುಟ್ಟಿನಿಂದ ಬರುವ ಗುಣ ಮಾತ್ರವಲ್ಲ, ಕಲಿಯಬಹುದಾದ ಉಪಾಯವೂ ಹೌದು. ಮಿಶೆಲ್ ಅವರಿಗೆ ಮುಖ್ಯವಾಗಿದ್ದದ್ದು ಇದೇ. ಆದರೆ ಹೆಚ್ಚು ಕಾದ ಮಕ್ಕಳು ದೊಡ್ಡವರಾದ ಮೇಲೆ ಪರೀಕ್ಷೆಗಳಲ್ಲಿ ಹೆಚ್ಚು ಅಂಕ ಪಡೆದರೆಂದು 1990ರಲ್ಲಿ ಪ್ರಕಟವಾದಾಗ ಜಗತ್ತು ಅದನ್ನಷ್ಟೇ ಹಿಡಿದುಕೊಂಡಿತು.

ಆ ಮಕ್ಕಳಲ್ಲಿ ಬಹುಪಾಲು ವಿಶ್ವವಿದ್ಯಾಲಯದ ಬಳಗದವರದೇ. 2018ರಲ್ಲಿ ಬೇರೆ ಬೇರೆ ಹಿನ್ನೆಲೆಯ 900ಕ್ಕೂ ಹೆಚ್ಚು ಮಕ್ಕಳ ವಿವರಗಳನ್ನು ಪರಿಶೀಲಿಸಿದಾಗ ಕಾಯುವಿಕೆಗೂ ಮುಂದಿನ ಓದಿಗೂ ಇದ್ದ ನಂಟು ಅರ್ಧದಷ್ಟೇ ಕಂಡಿತು. ಮನೆಯ ಸ್ಥಿತಿಗತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಅದೂ ಬಹಳ ಕರಗಿತು.

ಇದಕ್ಕೂ ಮುಂಚೆ ರಾಚೆಸ್ಟರ್‌ನಲ್ಲಿ ನಡೆದ ಪ್ರಯೋಗ ನನ್ನ ಮನಸ್ಸಿಗೆ ನಾಟಿತು. ಒಳ್ಳೆಯ ಬಣ್ಣದ ಸಾಮಾನು ತರುತ್ತೇನೆಂದು 28 ಮಕ್ಕಳಿಗೆ ಹೇಳಲಾಯಿತು. ಅರ್ಧ ಮಕ್ಕಳಿಗೆ ಅದು ಸಿಕ್ಕಿತು. ಉಳಿದವರಿಗೆ 'ಇಲ್ಲಪ್ಪಾ, ಖಾಲಿಯಾಗಿದೆ' ಎಂಬ ಉತ್ತರ. ಆಮೇಲೆ ಮಾರ್ಷ್‌ಮ್ಯಾಲೋ ಇಟ್ಟಾಗ, ಮಾತು ಉಳಿಸಿಕೊಂಡವರ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರ ಮಕ್ಕಳು 3 ನಿಮಿಷ. ಎರಡನೆಯ ಗುಂಪನ್ನು ಚಂಚಲ ಮಕ್ಕಳೆನ್ನಲು ನನಗೆ ಮನಸ್ಸಾಗುವುದಿಲ್ಲ. ಅವರು ಲೆಕ್ಕ ಬಲ್ಲವರು.

ಜಪಾನಿನ ಮತ್ತು ಅಮೆರಿಕದ ಮಕ್ಕಳನ್ನು ಹೋಲಿಸಿದ 2022ರ ಅಧ್ಯಯನ ಇನ್ನೊಂದು ಎಳೆ ಸೇರಿಸಿತು. ಜಪಾನಿನ ಮಕ್ಕಳು ತಿಂಡಿಗೆ ಹೆಚ್ಚು ಕಾದರು, ಅಮೆರಿಕದವರು ಕಾಗದ ಸುತ್ತಿದ ಉಡುಗೊರೆಗೆ. ಎಲ್ಲರಿಗೂ ಬಡಿಸುವ ತನಕ ಊಟ ಮುಟ್ಟದಿರುವುದು ಅಲ್ಲಿನ ರೂಢಿ. ಕ್ರಿಸ್‌ಮಸ್ ಬೆಳಗಿನ ತನಕ ಉಡುಗೊರೆ ಬಿಚ್ಚದಿರುವುದು ಇಲ್ಲಿನದು. ಪಂಕ್ತಿಯಲ್ಲಿ ಕೂತು ಎಲೆಯ ತುದಿಗೆ ಉಪ್ಪು ಬಿದ್ದಲ್ಲಿಂದ ಅನ್ನ, ತೊವ್ವೆ ಬರುವ ತನಕ ಕಾದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗೋವಿನ ಹಾಡಿನ ಪುಣ್ಯಕೋಟಿಯ ಸತ್ಯವನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಆ ಕಥೆಯಲ್ಲಿ ಕಾದದ್ದು ಹಸಿದ ಹುಲಿ. ಬಾಯಿಗೆ ಬಂದ ಆಹಾರವನ್ನು ಅದು ಬಿಟ್ಟುಕೊಟ್ಟದ್ದು ಒಂದು ಮಾತಿನ ಮೇಲೆ.

ತಾಳಿದವನು ಬಾಳಿಯಾನು ಎಂದು ಗಾದೆ. ಬರೀ ಉಪದೇಶದಿಂದ ತಾಳ್ಮೆ ಬರದು. 'ಐದು ನಿಮಿಷದಲ್ಲಿ ಬರುತ್ತೇನೆ', 'ಶನಿವಾರ ಪಾರ್ಕಿಗೆ ಹೋಗೋಣ', 'ಮುಂದಿನ ಬೇಸಿಗೆಗೆ ಅಜ್ಜಿಯ ಮನೆಗೆ' — ದೂರದೇಶದ ನಮ್ಮ ಮನೆಗಳಲ್ಲಿ ಇಂಥ ಮಾತುಗಳು ದಿನವೂ ಹುಟ್ಟುತ್ತವೆ. ಅವುಗಳಲ್ಲಿ ಎಷ್ಟು ನಿಜವಾಗುತ್ತವೆಂದು ಮಕ್ಕಳು ಸುಮ್ಮನೆ ಎಣಿಸುತ್ತಿರುತ್ತಾರೆ.