ಅವತಾರ ಎತ್ತುವ ಮೊದಲು

ನಮ್ಮ ಕಡೆ ‘ಅವತಾರ’ ಎಂಬ ಮಾತು ದೇವಸ್ಥಾನಕ್ಕಿಂತ ಹೆಚ್ಚಾಗಿ ಮನೆಯಂಗಳದಲ್ಲೇ ಕಿವಿಗೆ ಬೀಳುತ್ತದೆ. ಕೆಸರು ಮೆತ್ತಿಕೊಂಡು ಬಂದ ಹುಡುಗನಿಗೆ ‘ಇದೇನೋ ನಿನ್ನವತಾರ’ ಅನ್ನುತ್ತಾರೆ. ಸಿಟ್ಟು ಬಂದವರು ಉಗ್ರಾವತಾರ ತಾಳುತ್ತಾರೆ. ಸತ್ತವನನ್ನು ಕಂಡರಾಗದವರು ‘ಅವನ ಅವತಾರ ಮುಗೀತು’ ಎಂದು ಕೈತೊಳೆದುಕೊಳ್ಳುತ್ತಾರೆ. ಸಂಸ್ಕೃತದಲ್ಲಿ ಅದಕ್ಕಿರುವ ಅರ್ಥ ಇಳಿದು ಬರುವುದು ಅಂತ. ಚನ್ನಪಟ್ಟಣ ದಾಟಿದೊಡನೆ ಸಿಗುವ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ಗುಡಿಯಲ್ಲಿ ಅಂಬೆಗಾಲಿಕ್ಕುವ ನವನೀತ ಕೃಷ್ಣನಿದ್ದಾನೆ. ಮಕ್ಕಳಿಲ್ಲದವರು ಅಲ್ಲಿ ಪುಟ್ಟ ತೊಟ್ಟಿಲುಗಳನ್ನು ಹರಕೆ ಒಪ್ಪಿಸುತ್ತಾರೆ. ಅಳತೆಗೆ ಸಿಗದವನೆಂಬ ಹೆಸರಿನ ದೇವರು ಒಂದು ಕಡೆ, ಮಂಡಿಯೂರಿ ಬೆಣ್ಣೆ ಹಿಡಿದ ಕೂಸು ಇನ್ನೊಂದು ಕಡೆ. ಇಳಿದು ಬರುವುದು ಎಂದರೇನೆಂದು ಇದಕ್ಕಿಂತ ಸರಳವಾಗಿ ಹೇಳಿದ್ದನ್ನು ನಾನು ಕಂಡಿಲ್ಲ.

ಈ ಮಾತು ಕಂಪ್ಯೂಟರಿನೊಳಗೆ ಹೋದದ್ದು 1985-86ರ ಸುಮಾರಿಗೆ. ‘ಸ್ಟಾರ್ ವಾರ್ಸ್’ ತೆಗೆದ ಲ್ಯೂಕಾಸ್‌ಫಿಲ್ಮ್ ಕಂಪನಿಯ ಆಟಗಳ ವಿಭಾಗದಲ್ಲಿ ಚಿಪ್ ಮಾರ್ನಿಂಗ್‌ಸ್ಟಾರ್ ಮತ್ತು ರ‍್ಯಾಂಡಿ ಫಾರ್ಮರ್ ಎಂಬಿಬ್ಬರು ‘ಹ್ಯಾಬಿಟ್ಯಾಟ್’ ಎಂಬ ಊರು ಕಟ್ಟಿದರು. ಮನೆಯಲ್ಲಿ ಕಮೊಡೋರ್ 64 ಎಂಬ ಚಿಕ್ಕ ಕಂಪ್ಯೂಟರು, ಅದಕ್ಕೆ ಟೆಲಿಫೋನ್ ತಂತಿ. ಪರದೆಯ ಮೇಲೆ ಬೀದಿ, ಮನೆ, ಮರ. ಆ ಬೀದಿಯಲ್ಲಿ ನಮ್ಮ ಪರವಾಗಿ ಓಡಾಡುವ, ತಲೆಯ ಮೇಲೆ ಮಾತಿನ ಗುಳ್ಳೆ ಮೂಡಿಸುವ ಚಿತ್ರಪುರುಷನಿಗೆ ಮಾರ್ನಿಂಗ್‌ಸ್ಟಾರ್ ಇಟ್ಟ ಹೆಸರು ‘ಅವತಾರ್’. ಅದೇ 1985ರಲ್ಲಿ ರಿಚರ್ಡ್ ಗ್ಯಾರಿಯಟ್ ಕೂಡ ತನ್ನ ‘ಅಲ್ಟಿಮಾ 4’ ಆಟದಲ್ಲಿ ಈ ಪದವನ್ನೇ ಎತ್ತಿಕೊಂಡಿದ್ದ. ಅವರಿಗೆ ಬೇಕಾಗಿದ್ದುದು ಮೇಲಿನವನು ಕೆಳಗಿನ ಲೋಕದಲ್ಲಿ ಮೈ ತೊಡುವ ಕಲ್ಪನೆ. ಕುರ್ಚಿಯಲ್ಲಿ ಕುಳಿತವನು ಮೇಲಿನವನು, ಪರದೆಯೇ ಭೂಲೋಕ. ಕೀಲಿಮಣೆಯ ಮುಂದೆ ಕುಳಿತ ಹುಡುಗ ವಿಷ್ಣುವಿನ ಸ್ಥಾನದಲ್ಲಿದ್ದ.

ಆ ಊರಿನ ಬಗ್ಗೆ ಅವರಿಬ್ಬರೂ ಆಮೇಲೆ ಬರೆದ ಪ್ರಬಂಧವನ್ನು ಚರಿತ್ರೆ ಓದುವ ವಿದ್ಯಾರ್ಥಿಗಳಿಗೆ ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಒಂದು ನಾಡು ಹುಟ್ಟುವುದನ್ನು ಹತ್ತಿರದಿಂದ ಕಂಡವರ ಬರಹ ಅದು. ಹೊಸ ಅವತಾರ ಮೊಟ್ಟೆಯೊಡೆದು ಬಂತೆನ್ನುವಂತೆ ಹುಟ್ಟುತ್ತಿತ್ತು. ಕೈಯಲ್ಲಿ 2,000 ಟೋಕನ್, ದಿನಕ್ಕೊಮ್ಮೆ ಬಂದುಹೋದರೆ ಇನ್ನೂ 100. ಒಂದು ಮಾರಾಟದ ಯಂತ್ರದಲ್ಲಿ ಗೊಂಬೆಯೊಂದಕ್ಕೆ 75 ಟೋಕನ್. ಊರಿನ ಇನ್ನೊಂದು ಕಡೆಯಿದ್ದ ಗಿರವಿ ಯಂತ್ರ ಅದೇ ಗೊಂಬೆಯನ್ನು 100ಕ್ಕೆ ಕೊಳ್ಳುತ್ತಿತ್ತು. ಬೆಲೆ ಹಾಕುವಾಗ ಆದ ತಪ್ಪು ಅಷ್ಟೆ. ಕೆಲವರು ಕೈಲಿದ್ದ ಹಣಕ್ಕೆಲ್ಲ ಗೊಂಬೆ ಕೊಂಡು, ಊರಾಚೆ ಹೊತ್ತು, ಗಿರವಿಯಿಟ್ಟು, ಸಾಕಷ್ಟು ಕೂಡಿದ ಮೇಲೆ 18,000ದ ಸ್ಫಟಿಕದ ಗೋಲಿ ಕೊಂಡು 30,000ಕ್ಕೆ ಮಾರಿದರು. ಬೆಳಗಾಗುವಷ್ಟರಲ್ಲಿ ಆ ಲೋಕದ ಒಟ್ಟು ಹಣ ಐದು ಪಟ್ಟಾಗಿತ್ತು. ಚನ್ನಪಟ್ಟಣದ ಬಿ.ಎಂ. ರಸ್ತೆಯ ಗೊಂಬೆ ಅಂಗಡಿಗಳವರಿಗೆ ಈ ಕತೆ ಹೇಳಿದರೆ ನಗುತ್ತಾರೆ, ಆದರೆ ಆಶ್ಚರ್ಯಪಡುವುದಿಲ್ಲ. ಒಂದೇ ಗೊಂಬೆಗೆ ಮಾಡಿದವನ ಮನೆಯಲ್ಲಿ ಒಂದು ಬೆಲೆ, ಹೆದ್ದಾರಿಯ ಅಂಗಡಿಯಲ್ಲಿ ಇನ್ನೊಂದು ಬೆಲೆ ಎಂಬುದು ಅವರ ನಿತ್ಯದ ಬದುಕು.

ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅಲ್ಲಿನ ಸಾವಿನ ಪ್ರಕರಣ. ಹ್ಯಾಬಿಟ್ಯಾಟಿನಲ್ಲಿ ಆಯುಧಗಳಿದ್ದವು, ಒಬ್ಬರನ್ನೊಬ್ಬರು ಕೊಲ್ಲಬಹುದಿತ್ತು. ಸತ್ತ ಅವತಾರ ತನ್ನ ಮನೆಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಿತ್ತು: ಜೇಬು ಖಾಲಿ, ತಲೆ ಕೈಯಲ್ಲಿ! ಅಷ್ಟಾದರೂ ಊರಿನಲ್ಲಿ ದೊಡ್ಡ ಜಗಳ ಎದ್ದಿತು. ಇದು ಆಟ, ಸತ್ತರೇನು ಎಂದು ಒಂದು ಗುಂಪು. ಅಲ್ಲಿ ಓಡಾಡುತ್ತಿರುವುದು ನಾನೇ, ನನ್ನನ್ನು ಕೊಲ್ಲುವ ಹಕ್ಕು ಯಾರಿಗೂ ಇಲ್ಲ ಎಂದು ಇನ್ನೊಂದು ಗುಂಪು. ಕೊನೆಗೆ ಜನ ಚುನಾವಣೆ ಮಾಡಿ ಶೆರಿಫನನ್ನು ಆರಿಸಿದರು. ಊರೊಳಗೆ ಆಯುಧ ನಡೆಯದಂತಾಯಿತು, ಕಾಡಿನಲ್ಲಿ ಮಾತ್ರ ಉಳಿಯಿತು. ಪರದೆಯ ಮೇಲಿನ ಆ ಆಕೃತಿ ನಾನೋ, ನನ್ನ ಕೈಯ ಗೊಂಬೆಯೋ? ಆ ಪ್ರಶ್ನೆಯನ್ನು ಮಾತ್ರ ಶೆರಿಫ್ ಬಗೆಹರಿಸಲಿಲ್ಲ.

1992ರಲ್ಲಿ ನೀಲ್ ಸ್ಟೀಫನ್‌ಸನ್ ‘ಸ್ನೋ ಕ್ರ್ಯಾಶ್’ ಕಾದಂಬರಿ ಬರೆದಾಗ ಆ ಪದ ಜಗತ್ತಿಗೆಲ್ಲ ಹಬ್ಬಿತು. ಮೆಟಾವರ್ಸ್ ಎಂಬ ಇಂದಿನ ಪದ ಹುಟ್ಟಿದ್ದೂ ಅಲ್ಲೇ. ಅದರಲ್ಲಿ ಬರುವ ಒಂದು ಸಣ್ಣ ವಿವರ ನಮ್ಮಂಥವರಿಗೆ ನಾಟುತ್ತದೆ. ಆ ಲೋಕಕ್ಕೆ ಸಾರ್ವಜನಿಕ ಯಂತ್ರಗಳಿಂದ, ಅಗ್ಗದಲ್ಲಿ ಬಂದವರು ಅಲ್ಲಿ ಕಪ್ಪುಬಿಳುಪಾಗಿ, ಒರಟಾಗಿ ಕಾಣುತ್ತಾರೆ. ಕಂಡ ಕೂಡಲೇ ಇವರು ಯಾವ ತರಗತಿಯವರೆಂದು ತಿಳಿಯುತ್ತದೆ.

ನಾನು ಇಂಥ ಲೋಕಕ್ಕೆ ಕಾಲಿಟ್ಟದ್ದು ಸಾರ್ವಜನಿಕ ಯಂತ್ರದಿಂದಲೇ. 2000ದ ಆಚೀಚೆ ರಾಮನಗರದಲ್ಲಿ ಸೈಬರ್ ಕೆಫೆಗಳು ಬಂದಿದ್ದವು. ಪ್ಲೈವುಡ್ಡಿನ ಗೂಡುಗಳು, ಗಂಟೆಯ ಲೆಕ್ಕ, ಸಾಲು ಬಿದ್ದರೆ ಅರ್ಧ ಗಂಟೆಗೇ ಏಳಿಸುವ ಹುಡುಗ. ಗೆಳೆಯನೊಬ್ಬ ತೋರಿಸಿದ್ದು ‘ದಿ ಪ್ಯಾಲೇಸ್’ ಎಂಬ ತಂತ್ರಾಂಶ. ಜಿಮ್ ಬಮ್‌ಗಾರ್ಡ್‌ನರ್ ಎಂಬಾತ ಟೈಮ್ ವಾರ್ನರ್ ಕಂಪನಿಯಲ್ಲಿದ್ದಾಗ ಮಾಡಿ 1995ರಲ್ಲಿ ಬಿಡುಗಡೆಯಾದದ್ದು. ಪ್ರವೇಶಿಸುವ ಕ್ರಮ ಸುಲಭ: ತಂತ್ರಾಂಶ ಇಳಿಸಿಕೊಳ್ಳಬೇಕು, ಒಂದು ಹೆಸರು ಕೊಡಬೇಕು, ಯಾವ ‘ಅರಮನೆ’ಗೆ ಹೋಗಬೇಕೋ ಅದರ ವಿಳಾಸ ಹೊಡೆಯಬೇಕು. ಒಂದು ಕೋಣೆಯ ಚಿತ್ರ ತೆರೆದುಕೊಳ್ಳುತ್ತದೆ, ಅದರ ಮೇಲೆ ನಾವು. ನೆಲದ ಮೇಲೆ ಎಲ್ಲಿ ಒತ್ತಿದರೆ ಅಲ್ಲಿಗೆ ಜಿಗಿಯುತ್ತೇವೆ, ಬಾಗಿಲಿನ ಮೇಲೆ ಒತ್ತಿದರೆ ಮುಂದಿನ ಕೋಣೆ. ಟೈಪು ಮಾಡಿದ್ದು ಗುಳ್ಳೆಯಾಗಿ ತೇಲುತ್ತದೆ. ಮೊದಲಿಗೆ ಒಂದು ವಿವರಣಾ ಚಿಹ್ನೆ ಹಾಕಿದರೆ ಅದು ಮಾತಾಗದೆ ಯೋಚನೆಯ ಗುಳ್ಳೆಯಾಗುತ್ತದೆ, ಆಶ್ಚರ್ಯಚಿಹ್ನೆ ಹಾಕಿದರೆ ಮುಳ್ಳುಮುಳ್ಳಾಗಿ ಕಿರುಚುತ್ತದೆ.

ಮುಖದ ವಿಷಯ ಮಾತ್ರ ಬೇರೆ. ಹಣ ಕಟ್ಟಿ ನೋಂದಾಯಿಸಿಕೊಂಡವರು ತಮ್ಮ ಅವತಾರವನ್ನು ತಾವೇ ಜೋಡಿಸಿಕೊಳ್ಳಬಹುದಿತ್ತು. ಒಂದೊಂದೂ 44 ಚುಕ್ಕಿ ಉದ್ದ, 44 ಚುಕ್ಕಿ ಅಗಲದ ತುಂಡು. ಅಂಥ ಒಂಬತ್ತನ್ನು ಕೂಡಿಸಿ ಒಂದು ಮೈ. ಹುಡುಗಿಯರು ಪುಟ್ಟ ಬೊಂಬೆಗಳನ್ನು ಚುಕ್ಕಿ ಚುಕ್ಕಿಯಾಗಿ ಬಿಡಿಸಿ, ಬಟ್ಟೆ ತೊಡಿಸಿ, ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಿದ್ದರು. ‘ಡಾಲ್ಜ್’ ಎಂದು ಆಮೇಲೆ ಅಂತರ್ಜಾಲದ ತುಂಬ ಹರಡಿದ ಬೊಂಬೆಗಳು ಹುಟ್ಟಿದ್ದು ಇಲ್ಲಿ. ಅತಿಥಿಗಳಿಗೆಲ್ಲ ಒಂದೇ ಮುಖ: ದುಂಡಗಿನ ನಗುಮೊಗ. ಬಣ್ಣ ಬದಲಾಯಿಸಬಹುದು, ನಗಿಸಬಹುದು, ಅಳಿಸಬಹುದು, ಅಷ್ಟೆ. ರಾಮನಗರದ ವಿದ್ಯಾರ್ಥಿಯ ಕಿಸೆಯಲ್ಲಿ ಡಾಲರ್ ಕಟ್ಟುವ ಕ್ರೆಡಿಟ್ ಕಾರ್ಡು ಎಲ್ಲಿಂದ ಬರಬೇಕು? ನಾವು ಅಲ್ಲಿ ಇದ್ದಷ್ಟು ಕಾಲವೂ ಉಂಡೆಗಳಾಗಿಯೇ ಇದ್ದೆವು. ಚನ್ನಪಟ್ಟಣದ ಗೊಂಬೆಗೆ ಮುಖ ಬರುವುದು ಕೊನೆಯಲ್ಲಿ. ಆಲೆಮರದ ತುಂಡು ತಿರುಗಣಿಯಲ್ಲಿ ದುಂಡಗಾಗುತ್ತದೆ, ಅರಗಿನ ಬಣ್ಣ ಹತ್ತುತ್ತದೆ, ಗರಿ ಒತ್ತಿ ಉಜ್ಜಿದಾಗ ಹೊಳಪು ಏರುತ್ತದೆ. ಕಣ್ಣು, ಹುಬ್ಬು, ತುಟಿ ಆಮೇಲೆ. ನಾವು ಹೊಳಪಿನ ಹಂತದವರೆಗೆ ಬಂದು ನಿಂತ ಗೊಂಬೆಗಳು.

ಮುಖಕ್ಕಿಂತ ದೊಡ್ಡ ಕೊರತೆ ಮಾತಿನದು. ಮಾಗಡಿಯ ಒಬ್ಬ, ಕನಕಪುರದ ಒಬ್ಬ, ನಾನು, ಹೀಗೆ ಮೂವರು ಒಂದು ಅರಮನೆಯ ಮೂಲೆಯಲ್ಲಿ ಸೇರುತ್ತಿದ್ದೆವು. ಮಾಗಡಿಯಿಂದ ಕನಕಪುರಕ್ಕೆ ಬಸ್ಸು ಬದಲಿಸಿಕೊಂಡು ಹೋಗುವುದಕ್ಕಿಂತ ಅಮೆರಿಕದ ಸರ್ವರಿನಲ್ಲಿ ಭೇಟಿಯಾಗುವುದು ಹತ್ತಿರವಾಗಿತ್ತು. ಆದರೆ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಬೇಕು. ‘ಹಾಲು’ ‘ಹಾಳು’ ಎರಡೂ ಒಂದೇ ಆಗಿಬಿಡುತ್ತಿದ್ದವು; ಮನೆಯಲ್ಲಿ ಹಾಲಿದೆಯೋ, ಮನೆಯೇ ಹಾಳಾಗಿದೆಯೋ ಎಂದು ಕೇಳಿ ತಿಳಿಯಬೇಕಿತ್ತು. ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿತ್ತು, ನಿಜ. ಅದು ನಮ್ಮ ಯಂತ್ರಗಳಿಗೆ ಇಳಿದದ್ದು 2001ರ ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ, ಅದೂ ನಿಧಾನಕ್ಕೆ. 1998ರಿಂದ ಬರಹ ತಂತ್ರಾಂಶ ಇತ್ತು. ಆದರೆ ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುತ್ತಿದ್ದುದರಿಂದ ಆಚೆಯವನಿಗೆ ಕಾಣುತ್ತಿದ್ದುದು ಬರೀ ಕಸ. ಪದ ನಮ್ಮದು, ಅದಕ್ಕೆ ಮೈಯೂ ಬಂದಿತ್ತು, ಬಾಯಿ ಬಂದಿರಲಿಲ್ಲ.

ವೇಷದ ವಿಷಯಕ್ಕೆ ನಮ್ಮ ಊರೇ ಕಡಿಮೆಯದಲ್ಲ ಬಿಡಿ. ಟಿಪ್ಪುವಿನ ಕಾಲಕ್ಕೆ ಶಂಷೇರಾಬಾದ್, ಆಮೇಲೆ ಬ್ಯಾರಿ ಕ್ಲೋಸ್‌ನ ಹೆಸರಲ್ಲಿ ಕ್ಲೋಸ್‌ಪೇಟೆ, ಅದಾದ ಮೇಲೆ ರಾಮನಗರ. 1973ರಿಂದ ‘ಶೋಲೆ’ ಚಿತ್ರಕ್ಕಾಗಿ ಬೆಟ್ಟದ ಬುಡದಲ್ಲಿ ಇಡೀ ರಾಮ್‌ಗಢವನ್ನೇ ಕಟ್ಟಿ, ಕೆಲಸ ಮುಗಿದ ಮೇಲೆ ಕಿತ್ತರು. ಇಲ್ಲದ ಆ ಊರನ್ನು ಹುಡುಕಿಕೊಂಡು ಜನ ಇವತ್ತಿಗೂ ಬರುತ್ತಾರೆ. ನಾಲ್ಕು ತಾಲ್ಲೂಕು ಸೇರಿ 2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಆ ಜಿಲ್ಲೆ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ತೊಟ್ಟಿತು.

ಜಿಲ್ಲೆಯಾದ ಆ 2007ರಲ್ಲಿ ‘ಸೆಕೆಂಡ್ ಲೈಫ್’ ಭರಾಟೆಯಲ್ಲಿತ್ತು. ಲಿಂಡೆನ್ ಲ್ಯಾಬ್ 2003ರಲ್ಲಿ ತೆರೆದ ಮೂರು ಆಯಾಮದ ಲೋಕ. ಸ್ವೀಡನ್ ದೇಶ ಅಲ್ಲಿ ತನ್ನದೊಂದು ಭವನ ತೆರೆಯಿತು. ಬೆಂಗಳೂರಿನ ವಿಪ್ರೊ ಒಂದು ದ್ವೀಪ ಮಾಡಿಕೊಂಡಿತು. ಅಲ್ಲಿ ಹೊಸಬರಾಗಿ ಸೇರುವ ಕ್ರಮ ತಮಾಷೆಯಾಗಿತ್ತು. ಮೊದಲ ಹೆಸರು ನಮ್ಮಿಷ್ಟ, ಮನೆತನದ ಹೆಸರನ್ನು ಮಾತ್ರ ಅವರು ಕೊಟ್ಟ ಪಟ್ಟಿಯಿಂದಲೇ ಆರಿಸಬೇಕು. ಇನಿಶಿಯಲ್ಲಿನಲ್ಲಿ ಅಪ್ಪನನ್ನೂ ಊರನ್ನೂ ಹೊತ್ತು ತಿರುಗುವ ನಮ್ಮ ಜನಕ್ಕೆ ಇದು ದತ್ತು ಹೋದ ಹಾಗೆ. ಹೆಸರಾದ ಮೇಲೆ ಸಿದ್ಧ ಮೈಗಳಲ್ಲಿ ಒಂದನ್ನು ತೊಟ್ಟು, ನಡೆಯುವುದು ಹಾರುವುದು ಕಲಿಸುವ ದ್ವೀಪದಲ್ಲಿ ಇಳಿಯಬೇಕು. ಕೆಫೆಯ ಯಂತ್ರಗಳಿಗೆ ಆ ಚಿತ್ರಗಳ ಭಾರ ತಡೆಯುತ್ತಿರಲಿಲ್ಲ. ಆದರೂ ಅದೇ ವರ್ಷ ಅಲ್ಲಿಗೆ ದನಿ ಬಂತು: ಮೈಕಿನಲ್ಲಿ ಮಾತಾಡಿದರೆ ಪಕ್ಕದ ಅವತಾರಕ್ಕೆ ಕೇಳಿಸುತ್ತದೆ. ದನಿಗೆ ಫಾಂಟು ಬೇಡ. ಹಾಲು ಹಾಲಾಗಿಯೇ, ಹಾಳು ಹಾಳಾಗಿಯೇ ಕೇಳಿಸುತ್ತದೆ. ಕನ್ನಡದ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಇದೇ ದೊಡ್ಡ ತಿರುವು ಎಂದು ನನ್ನ ಎಣಿಕೆ.

ಹ್ಯಾಬಿಟ್ಯಾಟಿನ ಹಳೆಯ ಪ್ರಶ್ನೆ ಬೇರೆ ರೂಪದಲ್ಲಿ ಮತ್ತೆ ಎದುರಾದದ್ದು ನಮ್ಮ ನೆರೆಯಲ್ಲೇ. 2020ರ ಆಗಸ್ಟ್‌ನಲ್ಲಿ ಕೊಪ್ಪಳದ ಉದ್ಯಮಿಯೊಬ್ಬರು ಹೊಸ ಮನೆಯ ಗೃಹಪ್ರವೇಶಕ್ಕೆ, ಅಪಘಾತದಲ್ಲಿ ತೀರಿಕೊಂಡಿದ್ದ ಹೆಂಡತಿಯ ಸಿಲಿಕಾನ್ ಪ್ರತಿಮೆ ಮಾಡಿಸಿ ಸೋಫಾದ ಮೇಲೆ ಕೂರಿಸಿದ್ದರು. ಮಾಡಿಕೊಟ್ಟವರು ಬೆಂಗಳೂರಿನ ಗೊಂಬೆ ಕಲಾವಿದರು. ಸೀರೆ ಉಟ್ಟು ನಗುತ್ತ ಕೂತ ಆ ಚಿತ್ರ ನಿಮಗೂ ನೆನಪಿರಬಹುದು. ಅದಾದ ಒಂದೂವರೆ ವರ್ಷಕ್ಕೆ, 2022ರ ಫೆಬ್ರುವರಿ 6ರಂದು, ಕನಕಪುರ ತಾಲ್ಲೂಕಿನ ಗಡಿಯಾಚೆಗಿರುವ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಶಿವಲಿಂಗಪುರಂ ಎಂಬ ಹಳ್ಳಿಯಲ್ಲಿ ಒಂದು ಮದುವೆಯಾಯಿತು. ಕೋವಿಡ್ ಕಾಲ, ಮಂಟಪದಲ್ಲಿ ಜನರ ಸಂಖ್ಯೆಗೆ ಮಿತಿ. ತಾಳಿ ಕಟ್ಟಿದ್ದು ಹಳ್ಳಿಯಲ್ಲಿ, ಆರತಕ್ಷತೆ ಮೆಟಾವರ್ಸ್‌ನಲ್ಲಿ. ನೆಂಟರಿಷ್ಟರು ಫೋನು, ಲ್ಯಾಪ್‌ಟಾಪುಗಳಿಂದ ಅವತಾರ ತೊಟ್ಟು ಬಂದರು. ಹಿಂದಿನ ವರ್ಷ ತೀರಿಕೊಂಡಿದ್ದ ಹುಡುಗಿಯ ತಂದೆಯೂ ಅವತಾರವಾಗಿ ಬಂದು ಮಗಳು ಅಳಿಯನನ್ನು ಹರಸಿದರು. ಅವತಾರ ಮುಗಿಯಿತು ಎಂದು ನಾವು ಯಾರ ಬಗ್ಗೆ ಹೇಳುತ್ತೇವೋ ಅವರಿಗೆ ಅವತಾರ ಶುರುವಾಗಿತ್ತು.

ಆ ಸುದ್ದಿಯ ವಿಡಿಯೋವನ್ನು ಕನಕಪುರದ ಹಳ್ಳಿಯಲ್ಲಿರುವ ನಮ್ಮ ದೊಡ್ಡಮ್ಮನಿಗೆ ತೋರಿಸಿದೆ. ರೇಷ್ಮೆಹುಳಕ್ಕೆ ಸೊಪ್ಪು ಕೊಯ್ಯುತ್ತ ಕೂತಿದ್ದವರು ಕುಡುಗೋಲು ಬದಿಗಿಟ್ಟು ಎರಡು ಸಲ ನೋಡಿದರು. ಗೊಂಬೆಯಾಟ ನೋಡಿ ಬೆಳೆದವರು ಕೇಳುವ ಪ್ರಶ್ನೆಯನ್ನೇ ಕೇಳಿದರು:

“ಯಾರು ಆಡ್ಸಿದ್ದು ಅದನ್ನ?”

ಯಾರೋ ಕಂಪ್ಯೂಟರ್ ಮುಂದೆ ಕೂತು ಆಡಿಸಿರಬೇಕು ಅಂದೆ.

“ಅವರಿಗೆ ಆ ಅಪ್ಪ ಗೊತ್ತಿದ್ರಾ?” ಅಂದರು ದೊಡ್ಡಮ್ಮ, ಮತ್ತೆ ಸೊಪ್ಪಿನ ಕಡೆಗೆ ತಿರುಗುತ್ತ.