ಶಾಸ್ತ್ರಗಳು ಕೂಡುವ ಜಾಗ: ವಿಶ್ವವಿದ್ಯಾಲಯದಲ್ಲಿ ಶಿಕ್ಷಣದ ಅಧ್ಯಯನ

ಅಂತರ್‌ಶಿಸ್ತೀಯ ಅಧ್ಯಯನ ಈಚೆಗೆ ಬಂದದ್ದೆಂದು ಬಗೆಯುವವರಿದ್ದಾರೆ. ಶಿಕ್ಷಣಶಾಸ್ತ್ರದ ಮಟ್ಟಿಗಂತೂ ಅದು ನಿಜವಲ್ಲ. ಕ್ಯೋನಿಗ್ಸ್‌ಬರ್ಗಿನಲ್ಲಿ ಕಾಂಟ್ ಶಿಕ್ಷಣದ ಬಗ್ಗೆ ಉಪನ್ಯಾಸ ಕೊಟ್ಟದ್ದು ತತ್ತ್ವಶಾಸ್ತ್ರದ ಪ್ರಾಧ್ಯಾಪಕನಾಗಿ. 1809ರಲ್ಲಿ ಅದೇ ಪೀಠಕ್ಕೆ ಬಂದ ಹರ್ಬಾರ್ಟ್ ಬೋಧನೆಯ ಗುರಿಯನ್ನು ನೀತಿಶಾಸ್ತ್ರದಲ್ಲಿ, ದಾರಿಯನ್ನು ಮನಶ್ಶಾಸ್ತ್ರದಲ್ಲಿ ಹುಡುಕಿದ. 1887ರಲ್ಲಿ ಬೋರ್ಡೋಗೆ ಬಂದ ಡರ್ಕೈಮ್‌ಗೆ ವಹಿಸಿದ್ದು ಸಮಾಜವಿಜ್ಞಾನ, ಶಿಕ್ಷಣ ಎರಡನ್ನೂ. ಹಲವು ಶಾಸ್ತ್ರಗಳ ನಂಟು ಈ ವಿಷಯಕ್ಕೆ ಹುಟ್ಟಿನಿಂದಲೇ ಬಂದಿದೆ. ಆ ನಂಟು ಗಟ್ಟಿಯಾಗುವುದು ಹೇಗೆಂಬುದನ್ನೇ ವಿಚಾರಿಸಬೇಕು. ಶಾಸ್ತ್ರಗಳನ್ನು ಒಂದೇ ಪಠ್ಯಕ್ರಮಕ್ಕೆ ಸೇರಿಸಿದ ಮಾತ್ರಕ್ಕೆ ಅವು ಕೂಡುವುದಿಲ್ಲ. ತರಗತಿಯಲ್ಲಿ ಹುಟ್ಟಿದ ಪ್ರಶ್ನೆ ಅವನ್ನು ಕೆಲಸಕ್ಕೆ ಹಚ್ಚಬೇಕು ಎಂಬುದು ಈ ಲೇಖನದ ವಾದ.

1894ರಲ್ಲಿ ಶಿಕಾಗೊ ವಿಶ್ವವಿದ್ಯಾಲಯಕ್ಕೆ ಬಂದ ಜಾನ್ ಡ್ಯೂಯಿ ತತ್ತ್ವಶಾಸ್ತ್ರ, ಮನಶ್ಶಾಸ್ತ್ರ, ಶಿಕ್ಷಣ ಮೂರಕ್ಕೂ ಒಟ್ಟಿಗೆ ಮುಖ್ಯಸ್ಥನಾದ. 1896ರಲ್ಲಿ ಪ್ರಾಯೋಗಿಕ ಶಾಲೆಯೊಂದನ್ನು ಮಕ್ಕಳಿಗಾಗಿ ತೆರೆದ. ಅಲ್ಲಿನ ಒಂದು ಪಾಠವನ್ನು 1899ರ ‘ದಿ ಸ್ಕೂಲ್ ಅಂಡ್ ಸೊಸೈಟಿ’ಯಲ್ಲಿ ಆತ ವಿವರಿಸಿದ್ದಾನೆ. ಮಕ್ಕಳು ಅರ್ಧ ಗಂಟೆ ಕೂತು ಹತ್ತಿಯನ್ನು ಬೀಜದಿಂದ ಬಿಡಿಸಿದರೂ ಸಿಕ್ಕ ಅರಳೆ ಒಂದು ಔನ್ಸಿಗೂ ಕಡಿಮೆ. ಉಣ್ಣೆಗಿಂತ ಹತ್ತಿಯ ಉದ್ಯಮ ತಡವಾಗಿ ಬೆಳೆದದ್ದೇಕೆಂದು ಅವರಿಗೆ ಆಗ ತಿಳಿಯಿತು. ಈ ಅರ್ಧ ಗಂಟೆಯನ್ನು ಅಭ್ಯಾಸ ಮಾಡಹೊರಟವರಿಗೆ ಕೈಕೆಲಸದಿಂದ ಅರಿವು ಮೂಡುವ ಬಗೆ, ಉದ್ಯಮದ ಚರಿತ್ರೆ, ಇಂಥ ಕಲಿಕೆ ಸಮಾಜಕ್ಕೆ ಬೇಕೇ ಎಂಬ ಮೌಲ್ಯವಿಚಾರ ಮೂರೂ ಒಟ್ಟಿಗೇ ಎದುರಾಗುತ್ತವೆ. ಒಂದನ್ನು ಬಿಟ್ಟರೆ ಉಳಿದೆರಡು ಕುಂಟುತ್ತವೆ.

ಬ್ರಿಟನ್ ಹಿಡಿದ ದಾರಿ ಬೇರೆ. 1963ರ ರಾಬಿನ್ಸ್ ವರದಿ ಶಿಕ್ಷಕರ ತರಬೇತಿಗೆ ಪದವಿಯ ಮಾನ್ಯತೆ ಕೊಡಲು ಶಿಫಾರಸು ಮಾಡಿದಾಗ ಶಿಕ್ಷಣದ ಅಧ್ಯಯನಕ್ಕೆ ಶೈಕ್ಷಣಿಕ ಬಿಗಿ ತರುವ ಒತ್ತಡ ಹೆಚ್ಚಿತು. 1966ರಲ್ಲಿ ಟಿಬಲ್ ಸಂಪಾದಿಸಿದ ‘ದಿ ಸ್ಟಡಿ ಆಫ್ ಎಜುಕೇಶನ್’ ತತ್ತ್ವಶಾಸ್ತ್ರ, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಚರಿತ್ರೆಗಳನ್ನು ಬುನಾದಿಯೆಂದು ಸಾರಿತು. ಬಿಗಿಯೇನೋ ಬಂತು, ಆದರೆ ನಾಲ್ಕನ್ನೂ ಬೆಸೆಯುವ ಹೊಣೆ ವಿದ್ಯಾರ್ಥಿಯ ತಲೆಗೇ ಬಿತ್ತು. ಆ ಸಂಪುಟದ ಲೇಖಕರಲ್ಲಿ ಒಬ್ಬರಾದ ಪಾಲ್ ಹರ್ಸ್ಟ್ 1983ರಲ್ಲಿ ನಿಲುವು ತಿದ್ದಿಕೊಂಡು, ಸಿದ್ಧಾಂತ ಹೊರಡಬೇಕಾದದ್ದು ಬೋಧನೆಯ ಆಚರಣೆಯಿಂದ ಎಂದರು.

ಸ್ವಂತ ವಿಧಾನವಿಲ್ಲದ ಶಿಕ್ಷಣ ಜ್ಞಾನಶಿಸ್ತು ಹೇಗಾದೀತು ಎಂಬ ಆಕ್ಷೇಪವಿದೆ. ವೈದ್ಯಶಾಸ್ತ್ರವೂ ರಸಾಯನ, ಜೀವವಿಜ್ಞಾನಗಳ ವಿಧಾನಗಳನ್ನು ಎರವಲು ಪಡೆದೇ ಬೆಳೆದದ್ದು. ಅದನ್ನು ಒಂದಾಗಿ ಹಿಡಿದದ್ದು ರೋಗಿಯ ಪ್ರಶ್ನೆ. ಶಾಲೆಯಿಂದಲೇ ಹೊರಟರೆ ವಿಮರ್ಶೆಯ ಹರಿತ ಹೋಗಿ ಬರೀ ತರಬೇತಿ ಉಳಿದೀತು ಎಂಬ ಆತಂಕ ಇನ್ನೂ ತೂಕದ್ದು. ಕೊಠಾರಿ ಆಯೋಗ (1964–66) ಅದಕ್ಕೊಂದು ದಾರಿ ತೋರಿತ್ತು: ಶಿಕ್ಷಣವನ್ನು ಸ್ವತಂತ್ರ ಶಾಸ್ತ್ರವೆಂದು ಮನ್ನಿಸಿ, ಶಿಕ್ಷಕರಾಗದವರೂ ಓದುವಂತೆ ಪದವಿ ಹಂತದಲ್ಲೇ ಐಚ್ಛಿಕ ವಿಷಯವಾಗಿಡಬೇಕು. ಸಮಾಜಶಾಸ್ತ್ರದ ವಿದ್ಯಾರ್ಥಿಯೂ ಬಿ.ಎಡ್. ವಿದ್ಯಾರ್ಥಿಯೂ ಮಗು ಶಾಲೆ ಬಿಟ್ಟದ್ದೇಕೆಂದು ಒಂದೇ ಕೊಠಡಿಯಲ್ಲಿ ವಾದಿಸಿದರೆ ತರಬೇತಿಗೆ ವಿಮರ್ಶೆಯೂ ವಿಮರ್ಶೆಗೆ ನೆಲವೂ ಸಿಗುತ್ತವೆ. ನಮ್ಮ ಬಿ.ಎಡ್. ಪಠ್ಯಕ್ರಮಗಳು ತಾತ್ವಿಕ, ಮನೋವೈಜ್ಞಾನಿಕ ಬುನಾದಿಗಳನ್ನು ಬೇರೆ ಬೇರೆ ಪತ್ರಿಕೆಗಳಾಗಿ ಹಂಚುತ್ತಿರುವಷ್ಟು ಕಾಲ, ಅಂತರ್‌ಶಿಸ್ತೀಯತೆ ವೇಳಾಪಟ್ಟಿಯಲ್ಲಿ ಮಾತ್ರ ಇರುತ್ತದೆ.