ಕಣ್ಣಿನ ಬಣ್ಣಕ್ಕೆ ತೆತ್ತ ಬೆಲೆ

ಈಜಿಪ್ಟಿನ ರಾಜರ ಇತಿಹಾಸ ಒಂದು ಅಲಂಕಾರದ ಸಾಮಾನಿನಿಂದ ಆರಂಭವಾಗುತ್ತದೆ ಎಂದರೆ ನಂಬುವುದು ಕಷ್ಟ. 1897-98ರಲ್ಲಿ ಬ್ರಿಟಿಷ್ ಪುರಾತತ್ವಜ್ಞರು ಹೈರಾಕಾನ್‌ಪೊಲಿಸ್ ಎಂಬಲ್ಲಿ ಉತ್ಖನನ ನಡೆಸುತ್ತಿದ್ದಾಗ ಸುಮಾರು ಎರಡು ಅಡಿ ಎತ್ತರದ ಒಂದು ಕಲ್ಲಿನ ಫಲಕ ಸಿಕ್ಕಿತು. ಅದಕ್ಕೆ ಐದು ಸಾವಿರ ವರ್ಷ ವಯಸ್ಸು. ಒಂದು ಬದಿಯಲ್ಲಿ ನಾರ್ಮರ್ ಎಂಬ ರಾಜ ಶತ್ರುವಿನ ತಲೆಗೆ ಗದೆ ಎತ್ತಿದ್ದಾನೆ. ಇನ್ನೊಂದು ಬದಿಯಲ್ಲಿ ಎರಡು ವಿಚಿತ್ರ ಮೃಗಗಳ ಉದ್ದನೆಯ ಕತ್ತುಗಳು ಹೆಣೆದುಕೊಂಡು ನಡುವೆ ದುಂಡನೆಯ ಒಂದು ಕುಳಿ ಮೂಡಿದೆ. ಆ ಕುಳಿ ಯಾತಕ್ಕೆ? ಕಣ್ಣಿಗೆ ಹಚ್ಚುವ ಬಣ್ಣವನ್ನು ಅರೆಯುವುದಕ್ಕೆ!

ನಾರ್ಮರ್ ಫಲಕ ದೇವಾಲಯಕ್ಕೆ ಅರ್ಪಿಸಿದ ವಸ್ತು, ದಿನಬಳಕೆಯದಲ್ಲ. ಆದರೆ ಅದೇ ಬಗೆಯ ಚಿಕ್ಕ ಫಲಕಗಳು, ಮೀನಿನ ಆಕಾರದವು, ಆಮೆಯ ಆಕಾರದವು, ಸಾಮಾನ್ಯ ಜನರ ಗೋರಿಗಳಲ್ಲಿ ಧಾರಾಳವಾಗಿ ಸಿಕ್ಕಿವೆ. ಪರಲೋಕಕ್ಕೆ ಹೊರಟವರೂ ಕಣ್ಣಿನ ಬಣ್ಣವನ್ನು ಮರೆಯುತ್ತಿರಲಿಲ್ಲ. ಇಂದು ಫ್ಯಾನ್ಸಿ ಸ್ಟೋರ್‌ಗಳ ಗಾಜಿನ ಕಪಾಟಿನಲ್ಲಿ ಕನ್ನಡಿ, ಕುಂಚ ಸಮೇತ ಕುಳಿತಿರುವ ಐ-ಷ್ಯಾಡೋ ಡಬ್ಬಿಯ ವಂಶವೃಕ್ಷ ಅಲ್ಲಿಂದ ಶುರುವಾಗುತ್ತದೆ. ಈ ಐದು ಸಾವಿರ ವರ್ಷಗಳ ಹಾದಿಯಲ್ಲಿ ಚೆಲುವಿನ ಜೊತೆಗೆ ಅನಾಹುತವೂ ಹೆಜ್ಜೆ ಹಾಕಿದೆ. ಕೆಲವು ಅನಾಹುತಗಳು ನಗಿಸುವಂಥವು, ಕೆಲವು ಕಣ್ಣನ್ನೇ ಕಿತ್ತುಕೊಂಡವು.

ಹಸಿರು, ಕಪ್ಪು ಮತ್ತು ಮದ್ದು

ಈಜಿಪ್ಟಿನವರಿಗೆ ಎರಡು ಬಣ್ಣಗಳ ಮೇಲೆ ಹೆಚ್ಚಿನ ಒಲವು. ಮೊದಲನೆಯದು ಹಸಿರು. ಸಿನಾಯ್ ಪ್ರದೇಶದಲ್ಲಿ ದೊರೆಯುತ್ತಿದ್ದ ಮ್ಯಾಲಕೈಟ್ ಎಂಬ ತಾಮ್ರದ ಅದಿರನ್ನು ನುಣ್ಣಗೆ ಅರೆದು ರೆಪ್ಪೆಗೆ ಬಳಿಯುತ್ತಿದ್ದರು. ಎರಡನೆಯದು ಕಪ್ಪು. ಗೆಲೀನಾ ಎಂಬ ಸೀಸದ ಅದಿರಿನಿಂದ ಅದನ್ನು ತಯಾರಿಸುತ್ತಿದ್ದರು. ಮೊದಮೊದಲು ಹಸಿರಿನ ಕಾಲ, ಕ್ರಮೇಣ ಕಪ್ಪಿನದೇ ರಾಜ್ಯಭಾರ. ಇದು ಹೆಂಗಸರಿಗಷ್ಟೇ ಮೀಸಲಾಗಿರಲಿಲ್ಲ. ಗಂಡಸರೂ ಮಕ್ಕಳೂ ಹಚ್ಚಿಕೊಳ್ಳುತ್ತಿದ್ದರು. ಕ್ರಿ.ಪೂ. 1550ರ ಸುಮಾರಿನ ಎಬರ್ಸ್ ಪಪೈರಸ್ ಎಂಬ ವೈದ್ಯಗ್ರಂಥದಲ್ಲಿ ಕಣ್ಣಿನ ರೋಗಗಳಿಗೆ ಹೇಳಿದ ಔಷಧಿಗಳಲ್ಲಿ ಇವೇ ಬಣ್ಣಗಳು ಮತ್ತೆ ಮತ್ತೆ ಬರುತ್ತವೆ.

ಸೀಸ ವಿಷವಲ್ಲವೆ? ಹೌದು. ಹಾಗಿದ್ದರೆ ಅದು ಮದ್ದಾದದ್ದು ಹೇಗೆ? ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿರುವ ಪ್ರಾಚೀನ ಬಣ್ಣದ ಭರಣಿಗಳ ಪುಡಿಯನ್ನು ಫ್ರೆಂಚ್ ವಿಜ್ಞಾನಿಗಳು ಪರೀಕ್ಷಿಸಿ 1999ರಲ್ಲಿ ಒಂದು ಅಚ್ಚರಿಯ ವಿಷಯ ಪ್ರಕಟಿಸಿದರು. ಪುಡಿಯಲ್ಲಿ ನಿಸರ್ಗದಲ್ಲಿ ಬಲು ಅಪರೂಪವಾದ ಎರಡು ಸೀಸದ ಲವಣಗಳಿದ್ದವು. ಅವು ತಾವಾಗಿ ಬಂದು ಸೇರಿದವಲ್ಲ. ಸೀಸದ ಭಸ್ಮವನ್ನು ಉಪ್ಪುನೀರಿನಲ್ಲಿ ಕಲಸಿ, ಸೋಸಿ, ವಾರಗಟ್ಟಲೆ ಅದನ್ನೇ ಪುನರಾವರ್ತಿಸಿ ಬೇಕೆಂದೇ ತಯಾರಿಸಿದವು. 2010ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆಯ ಪ್ರಕಾರ, ಈ ಲವಣಗಳು ತೀರಾ ಅಲ್ಪ ಪ್ರಮಾಣದಲ್ಲಿ ಚರ್ಮದ ಜೀವಕೋಶಗಳನ್ನು ಕೆಣಕಿ, ಸೋಂಕಿನ ವಿರುದ್ಧ ದೇಹ ಸಜ್ಜಾಗುವಂತೆ ಮಾಡಬಲ್ಲವು. ಇದು ಪ್ರಯೋಗಶಾಲೆಯ ಜೀವಕೋಶಗಳಲ್ಲಿ ಕಂಡ ಫಲ. ಸೀಸ ಕ್ಷೇಮ ಎಂಬ ಪ್ರಮಾಣಪತ್ರವಲ್ಲ.

ಈ ಕಪ್ಪು ಪುಡಿಗೆ ಅರಬ್ಬಿಯಲ್ಲಿ 'ಕುಹ್ಲ್' ಎಂದು ಹೆಸರು. ಅದರ ಹಿಂದೆ 'ಅಲ್' ಸೇರಿಸಿ ಐರೋಪ್ಯ ರಸವಿದ್ಯೆಯವರು ಮೊದಲು ಯಾವುದೇ ನುಣ್ಣನೆಯ ಪುಡಿಯನ್ನೂ, ಆಮೇಲೆ ಭಟ್ಟಿ ಇಳಿಸಿದ ಸಾರವನ್ನೂ ಕರೆಯತೊಡಗಿದರು. ಹಾಗೆ ಹುಟ್ಟಿದ್ದು 'ಆಲ್ಕೊಹಾಲ್' ಎಂಬ ಪದ! ಹೆಂಗಳೆಯರ ಕಣ್ಣಿನ ಕಪ್ಪಿಗೂ ಗಂಡಸರ ಗುಂಡಿಗೂ ಹೀಗೊಂದು ಹಳೆಯ ನೆಂಟಸ್ತನ.

ಅಂಜನದಿಂದ ಕಾಡಿಗೆಗೆ

ನಮ್ಮಲ್ಲೂ ಕಣ್ಣಿನ ಬಣ್ಣ ಮೊದಲು ವೈದ್ಯರ ಸೊತ್ತು. ಹರಪ್ಪ ಸಂಸ್ಕೃತಿಯ ಅವಶೇಷಗಳಲ್ಲಿ ಅಂಜನದ ಕಡ್ಡಿಗಳೂ ಪುಟ್ಟ ಭರಣಿಗಳೂ ದೊರೆತಿವೆ. ಚರಕ ಸಂಹಿತೆಯು ದಿನಚರಿಯನ್ನು ವಿವರಿಸುವಾಗ ಸೌವೀರಾಂಜನವನ್ನು ನಿತ್ಯವೂ, ರಸಾಂಜನವನ್ನು ಐದು ಅಥವಾ ಎಂಟು ದಿನಕ್ಕೊಮ್ಮೆಯೂ ಹಚ್ಚಬೇಕೆನ್ನುತ್ತದೆ. ಮೊದಲನೆಯದು ಕಣ್ಣಿನ ಹಿತಕ್ಕೆ, ಎರಡನೆಯದು ಕಣ್ಣಿನಿಂದ ನೀರಿಳಿಸುವುದಕ್ಕೆ. ಜನಸಾಮಾನ್ಯರ ನಂಬಿಕೆಯಲ್ಲಿ ಅಂಜನಕ್ಕೆ ಇನ್ನೂ ದೊಡ್ಡ ಶಕ್ತಿ. ಕಳೆದುಹೋದ ದನ, ಒಡವೆ ಎಲ್ಲಿದೆಯೆಂದು ವೀಳ್ಯದೆಲೆಗೆ 'ಅಂಜನ ಹಾಕಿ ನೋಡುವ' ಪದ್ಧತಿಯನ್ನು ಹಳ್ಳಿಯ ಹಿರಿಯರು ಬಲ್ಲರು.

ಆದರೆ ಕನ್ನಡದ ಮನೆಗಳಲ್ಲಿ ನಿತ್ಯದ ಬಳಕೆಗೆ ಬಂದದ್ದು ಅದಿರಿನ ಅಂಜನವಲ್ಲ, ದೀಪದ ಕಾಡಿಗೆ. ಹೊನಗೊನ್ನೆ ಸೊಪ್ಪಿನ ರಸದಲ್ಲಿ ತೆಳುವಾದ ಬಿಳಿ ಬಟ್ಟೆಯನ್ನು ಅದ್ದಿ, ನೆರಳಲ್ಲಿ ಒಣಗಿಸಿ, ಬತ್ತಿ ಹೊಸೆದು ಹರಳೆಣ್ಣೆಯ ದೀಪ ಹಚ್ಚುತ್ತಿದ್ದರು. ಮೇಲೆ ತಾಮ್ರದ ತಟ್ಟೆ ಕವುಚಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಮಸಿ ಕಟ್ಟಿರುತ್ತಿತ್ತು. ಅದನ್ನು ಕೆರೆದು ಬೆಣ್ಣೆಯಲ್ಲೋ ತುಪ್ಪದಲ್ಲೋ ಕಲಸಿದರೆ ಕಾಡಿಗೆ ಸಿದ್ಧ. ಅಜ್ಜಿಯ ಬೆರಳ ತುದಿಯಿಂದ ಅದು ಮಗುವಿನ ಕಣ್ಣಿಗೆ, ಉಳಿದದ್ದು ದೃಷ್ಟಿಬೊಟ್ಟಾಗಿ ಕೆನ್ನೆಗೆ.

ಇಲ್ಲೊಂದು ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ದೀಪದ ಕಾಡಿಗೆ ಎಂದರೆ ಇಂಗಾಲ. ಸುರ್ಮಾ ಎಂದು ಮಾರಾಟವಾಗುವ ಅದಿರಿನ ಪುಡಿ ಬಹಳ ಸಲ ಸೀಸ. ನೋಡಲು ಎರಡೂ ಕಪ್ಪೇ. ಬ್ರಿಟನ್ನಿಗೆ ವಲಸೆ ಹೋದ ಭಾರತ, ಪಾಕಿಸ್ತಾನಗಳ ಕುಟುಂಬಗಳ ಮಕ್ಕಳಲ್ಲಿ ಸೀಸದ ವಿಷ ಕಾಣಿಸಿಕೊಂಡಾಗ ಅಲ್ಲಿನ ವೈದ್ಯರು ಹುಡುಕುತ್ತ ಹೋಗಿ ತಲುಪಿದ್ದು ಸುರ್ಮಾದ ಡಬ್ಬಿಗೆ. 1968ರಿಂದಲೇ ಬ್ರಿಟಿಷ್ ವೈದ್ಯಕೀಯ ಪತ್ರಿಕೆಗಳಲ್ಲಿ ಈ ಕುರಿತ ವರದಿಗಳಿವೆ. ಮಕ್ಕಳು ಕಣ್ಣುಜ್ಜಿದ ಬೆರಳನ್ನೇ ಬಾಯಿಗಿಡುತ್ತಾರೆ. ರಕ್ತಕ್ಕೆ ಸೇರಿದ ಸೀಸ ಬೆಳೆಯುವ ಮಿದುಳಿಗೆ ಹಾನಿ ಮಾಡುತ್ತದೆ. ಇನ್ನು ಮನೆಯ ಕಾಡಿಗೆಯಲ್ಲಿ ಸೀಸವಿಲ್ಲದಿದ್ದರೂ, ಹಚ್ಚುವ ಬೆರಳಿನಿಂದ ಸೋಂಕು ತಗಲಬಹುದಾದ್ದರಿಂದ ಹಸುಗೂಸಿನ ಕಣ್ಣಿಗೆ ಅದು ಬೇಡವೆನ್ನುತ್ತಾರೆ ಮಕ್ಕಳ ವೈದ್ಯರು. ದೃಷ್ಟಿಬೊಟ್ಟು ಪಾದಕ್ಕಿಟ್ಟರೂ ದೃಷ್ಟಿ ತಾಗದು!

ಅಡುಗೆಮನೆಯಿಂದ ಅಂಗಡಿಗೆ

ಮನೆಯಲ್ಲಿ ತಯಾರಾಗುತ್ತಿದ್ದ ಕಣ್ಣಿನ ಬಣ್ಣ ಕಾರ್ಖಾನೆಯ ಸರಕಾದ ಕಥೆ ಹೆಚ್ಚಾಗಿ ಪಶ್ಚಿಮದ್ದು. 19ನೇ ಶತಮಾನದಲ್ಲಿ ಲಂಡನ್ನಿನ ಸುಗಂಧ ವ್ಯಾಪಾರಿ ಯೂಜೀನ್ ರಿಮ್ಮೆಲ್ ರೆಪ್ಪೆಗೂದಲಿನ ಬಣ್ಣವನ್ನು ಮಾರಿ ಎಷ್ಟು ಹೆಸರಾದನೆಂದರೆ, ಇಟಲಿ, ಪೋರ್ಚುಗಲ್ ಮೊದಲಾದ ಕಡೆ ಮಸ್ಕಾರಕ್ಕೆ ಇಂದಿಗೂ 'ರಿಮ್ಮೆಲ್' ಎಂದೇ ಹೆಸರು. ಆದರೂ ಅಂದು ಮುಖಕ್ಕೆ ಬಣ್ಣ ಹಚ್ಚುವುದು ನಾಟಕದವರ ಕೆಲಸ, ಮನೆವಂತ ಹೆಣ್ಣುಮಕ್ಕಳದಲ್ಲ ಎಂಬ ಭಾವನೆ ಅಲ್ಲಿಯೂ ಇತ್ತು.

ಅಮೆರಿಕದಲ್ಲಿ ಈ ವ್ಯಾಪಾರಕ್ಕೆ ನಾಂದಿ ಹಾಡಿದ್ದು ಅಡುಗೆಮನೆಯ ಒಂದು ಅವಘಡ. ಒಲೆಯ ಉರಿ ತಗಲಿ ಮೇಬಲ್ ಎಂಬಾಕೆಯ ಹುಬ್ಬು, ರೆಪ್ಪೆಗೂದಲು ಸುಟ್ಟುಹೋದವಂತೆ. ಆಕೆ ಎದೆಗುಂದದೆ ವ್ಯಾಸಲೀನಿಗೆ ಮಸಿ ಬೆರೆಸಿ ಹಚ್ಚಿಕೊಂಡಳು. ಅದನ್ನು ಕಂಡ ತಮ್ಮ ಟಾಮ್ ಲೈಲ್ ವಿಲಿಯಮ್ಸ್ 1915ರಲ್ಲಿ ಷಿಕಾಗೋದಲ್ಲಿ ವ್ಯಾಪಾರ ಶುರುಮಾಡಿದ. ಅಕ್ಕನ ಹೆಸರಿಗೆ ವ್ಯಾಸಲೀನಿನ ಬಾಲ ಜೋಡಿಸಿದಾಗ ಹುಟ್ಟಿದ್ದು 'ಮೇಬಲೀನ್'. ಇದು ಆ ಕುಟುಂಬದವರು ಹೇಳಿಕೊಂಡು ಬಂದ ಕಥೆ.

ಬಣ್ಣಕ್ಕೆ ಮಾನ ತಂದುಕೊಟ್ಟದ್ದು ಸಿನಿಮಾ. ಮೂಕಿ ಚಿತ್ರಗಳ ಕಾಲದ ಫಿಲ್ಮು ಕೆಂಪು ಬೆಳಕನ್ನು ಗ್ರಹಿಸುತ್ತಿರಲಿಲ್ಲ. ಹೀಗಾಗಿ ಮುಖದ ಸೂಕ್ಷ್ಮ ಛಾಯೆಗಳು ಕಳೆದುಹೋಗುತ್ತಿದ್ದವು. ಮಾತೂ ಇಲ್ಲದ ನಟಿ ಕಣ್ಣಿನಲ್ಲೇ ಎಲ್ಲವನ್ನೂ ಹೇಳಬೇಕಿತ್ತು. ಆದ್ದರಿಂದ ಕಣ್ಣಿನ ಸುತ್ತ ಗಾಢ ಬಣ್ಣ. 1917ರ 'ಕ್ಲಿಯೋಪಾತ್ರ' ಚಿತ್ರದ ಥೀಡಾ ಬಾರಾಳ ಕಣ್ಣುಗಳನ್ನು ಜನ ಬೆರಗಿನಿಂದ ನೋಡಿದರು. 1922ರಲ್ಲಿ ಟುಟಂಖಾಮುನ್ ದೊರೆಯ ಗೋರಿ ಪತ್ತೆಯಾದ ಮೇಲಂತೂ ಈಜಿಪ್ಟಿನ ಹುಚ್ಚು ಮತ್ತಷ್ಟು ಹೆಚ್ಚಿತು. 1963ರಲ್ಲಿ ಎಲಿಜಬೆತ್ ಟೇಲರ್ ಅದೇ ಕ್ಲಿಯೋಪಾತ್ರಳಾಗಿ ನೀಲಿ ರೆಪ್ಪೆ ಬಡಿದಳು. ಆ ದಶಕದ ನಮ್ಮ ಚಿತ್ರಗಳಲ್ಲಿ ನಾಯಕಿಯರ ಕಣ್ಣಂಚಿನ ಗೆರೆ ಕಿವಿಯತ್ತ ಬಾಲದಂತೆ ಚಾಚಿದ್ದನ್ನು ಹಿರಿಯ ಓದುಗರು ಮರೆತಿರಲಾರರು.

ಬಣ್ಣದ ಕೊಲೆಗಾರ

ಇಷ್ಟರ ನಡುವೆ ನಡೆದ ಒಂದು ದುರಂತ ಸೌಂದರ್ಯ ಸಾಮಗ್ರಿಗಳ ಇತಿಹಾಸವನ್ನೇ ತಿರುಗಿಸಿತು. 1930ರ ದಶಕದ ಆರಂಭದಲ್ಲಿ ಅಮೆರಿಕದ ಬ್ಯೂಟಿ ಪಾರ್ಲರುಗಳಲ್ಲಿ 'ಲ್ಯಾಷ್ ಲ್ಯೂರ್' ಎಂಬ ರೆಪ್ಪೆಗೂದಲಿನ ಬಣ್ಣ ಬಳಕೆಗೆ ಬಂತು. ದಿನವೂ ತಿದ್ದಿಕೊಳ್ಳಬೇಕಿಲ್ಲ, ತೊಳೆದರೂ ಹೋಗದು ಎಂಬುದು ಅದರ ಹೆಗ್ಗಳಿಕೆ. ಅದರಲ್ಲಿದ್ದದ್ದು ಡಾಂಬರಿನ ಮೂಲದ, ಪ್ಯಾರಾ ಫಿನೈಲಿನ್ ಡೈ ಅಮೀನ್ ಎಂಬ ರಾಸಾಯನಿಕ.

1933ರಲ್ಲಿ ಓಹಾಯೋ ರಾಜ್ಯದ ಡೇಟನ್ ನಗರದ ಮಹಿಳೆಯೊಬ್ಬಳು ಸಂಜೆಯ ಸಮಾರಂಭಕ್ಕೆಂದು ಪಾರ್ಲರಿನಲ್ಲಿ ಅದನ್ನು ಹಚ್ಚಿಸಿಕೊಂಡಳು. ಕೆಲವೇ ಗಂಟೆಗಳಲ್ಲಿ ಉರಿ ಶುರುವಾಯಿತು. ಬೆಳಗಾಗುವಷ್ಟರಲ್ಲಿ ಮುಖ ಊದಿ, ಕಣ್ಣು ತೆರೆಯಲಾಗಲಿಲ್ಲ. ಆಮೇಲೆ ಆಕೆಗೆ ದೃಷ್ಟಿ ಮರಳಲೇ ಇಲ್ಲ. ಇದೇ ಬಣ್ಣದಿಂದ ಇನ್ನೂ ಹಲವರ ಕಣ್ಣಿಗೆ ಹಾನಿಯಾಯಿತು. ಒಬ್ಬಾಕೆ ಸೋಂಕು ಏರಿ ಪ್ರಾಣವನ್ನೇ ಬಿಟ್ಟಳು.

ಸರ್ಕಾರ ಏನು ಮಾಡಿತು? ಏನೂ ಮಾಡುವಂತಿರಲಿಲ್ಲ! ಅಮೆರಿಕದಲ್ಲಿ ಆಗ ಜಾರಿಯಲ್ಲಿದ್ದ 1906ರ ಕಾನೂನು ಆಹಾರಕ್ಕೆ, ಔಷಧಿಗೆ ಮಾತ್ರ ಅನ್ವಯಿಸುತ್ತಿತ್ತು. ಅಲಂಕಾರದ ಸಾಮಗ್ರಿಯಲ್ಲಿ ಏನು ಬೆರೆಸಿದರೂ ಕೇಳುವವರಿರಲಿಲ್ಲ. ಕೈಕಟ್ಟಿ ಕುಳಿತ ಅಧಿಕಾರಿಗಳು ಕೊನೆಗೆ ಒಂದು ಪ್ರದರ್ಶನ ಏರ್ಪಡಿಸಿದರು. ಜನರನ್ನು ವಂಚಿಸಿದ, ಕೊಂದ ಸರಕುಗಳನ್ನು ಸಾಲಾಗಿ ಇಟ್ಟರು. ಡೇಟನ್ನಿನ ಮಹಿಳೆಯ ಹಿಂದಿನ ಮತ್ತು ಅನಂತರದ ಭಾವಚಿತ್ರಗಳೂ ಅಲ್ಲಿದ್ದವು. ಪತ್ರಿಕೆಯವರು ಅದನ್ನು 'ಭೀಕರ ಕೋಣೆ' ಎಂದು ಕರೆದರು. 1936ರಲ್ಲಿ ಅದೇ ಹೆಸರಿನಲ್ಲಿ ರೂತ್ ಲ್ಯಾಂಬ್ ಎಂಬ ಅಧಿಕಾರಿ ಪುಸ್ತಕವನ್ನೂ ಬರೆದಳು. 1937ರಲ್ಲಿ ವಿಷಕಾರಿ ಔಷಧಿಯೊಂದು ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಾಗ ಕೂಗು ಮುಗಿಲು ಮುಟ್ಟಿತು. 1938ರ ಜೂನ್ 25ರಂದು ಅಧ್ಯಕ್ಷ ರೂಸ್ವೆಲ್ಟ್ ಹೊಸ ಕಾನೂನಿಗೆ ಸಹಿ ಹಾಕಿದರು. ಸೌಂದರ್ಯ ಸಾಮಗ್ರಿಗಳು ಆಗ ಮೊದಲ ಬಾರಿಗೆ ಅದರ ಅಂಕೆಗೆ ಬಂದವು. ಅದರಡಿ ಮೊದಲಿಗೆ ಜಪ್ತಿಯಾದ ಸರಕು ಲ್ಯಾಷ್ ಲ್ಯೂರ್.

ನಮ್ಮ ದೇಶದಲ್ಲಿ 1940ರ ಔಷಧಿ ಕಾಯಿದೆಗೆ 'ಸೌಂದರ್ಯ ಸಾಮಗ್ರಿ' ಎಂಬ ಮಾತು ಸೇರಿದ್ದು 1962ರ ತಿದ್ದುಪಡಿಯಲ್ಲಿ. ಅಷ್ಟು ಹೊತ್ತಿಗೆ ಇಲ್ಲಿಯೂ ಈ ಉದ್ಯಮ ಬೇರೂರಿತ್ತು. ವಿದೇಶಿ ಸೌಂದರ್ಯ ಸಾಮಗ್ರಿಗಾಗಿ ವಿದೇಶಿ ವಿನಿಮಯ ಸೋರಿಹೋಗುವುದನ್ನು ತಡೆಯಲು ನೆಹರೂ ಸಲಹೆಯಂತೆ ಟಾಟಾ ಸಂಸ್ಥೆ 1952ರಲ್ಲಿ ಲ್ಯಾಕ್ಮೆಯನ್ನು ಆರಂಭಿಸಿತು. ಹೆಸರು ಫ್ರೆಂಚ್ ಗೀತನಾಟಕವೊಂದರದು; ಮೂಲ ಮಾತ್ರ ನಮ್ಮ ಲಕ್ಷ್ಮಿಯೇ!

ಡಬ್ಬಿಯೊಳಗೆ ಏನಿದೆ?

ಇಂದಿನ ಐ-ಷ್ಯಾಡೋದಲ್ಲಿ ಸಾಮಾನ್ಯವಾಗಿ ಇರುವುದು ಟಾಲ್ಕ್, ಅಭ್ರಕ, ಕಬ್ಬಿಣದ ಆಕ್ಸೈಡು, ಟೈಟೇನಿಯಂ ಆಕ್ಸೈಡು ಮತ್ತು ಅಂಟಿಸಲು ಒಂದಿಷ್ಟು ಜಿಡ್ಡು. ಹೊಸ್ತಿಲಿಗೆ ಬಳಿಯುವ ಕೆಮ್ಮಣ್ಣಿನ ಕೆಂಪು ಬಣ್ಣಕ್ಕೆ ಕಾರಣವಾದ ಕಬ್ಬಿಣದ ಆಕ್ಸೈಡೇ ರೆಪ್ಪೆಯ ಕಂದು ಬಣ್ಣಕ್ಕೂ ಕಾರಣ. ಕಂದು, ತಾಮ್ರ, ಮಣ್ಣಿನ ಬಣ್ಣಗಳು ಆಫೀಸಿಗೆ, ಕಾಲೇಜಿಗೆ ಹೋಗುವವರ ನಿತ್ಯದ ಆಯ್ಕೆಯಾಗಿರುವುದಕ್ಕೆ ಕಾರಣ ಸರಳ. ಷ್ಯಾಡೋ ಎಂದರೆ ನೆರಳು. ನಮ್ಮ ಮೈಬಣ್ಣದ ನೆರಳು ಕಂದು. ಆದ್ದರಿಂದ ಹಚ್ಚಿದ್ದು ಎದ್ದು ಕಾಣದೆ ಕಣ್ಣು ಮಾತ್ರ ಆಳವಾಗಿ ಕಾಣುತ್ತದೆ. ನೀಲಿ, ನೇರಳೆಗಳು ಹಾಗಲ್ಲ. ಟ್ಯೂಬ್‌ಲೈಟಿನ ಕೆಳಗೆ 'ಯಾರು ಹೊಡೆದದ್ದು?' ಎಂದು ಕೇಳುವಂತೆ ಮಾಡಿಬಿಡುತ್ತವೆ.

ನಗೆಯ ಅವಾಂತರಗಳು ಇನ್ನೂ ಇವೆ. ಒಂದು ಕಣ್ಣಿನ ಗೆರೆ ದಪ್ಪವಾಯಿತೆಂದು ಇನ್ನೊಂದನ್ನು ತಿದ್ದಿ, ಅದು ಹೆಚ್ಚಾಯಿತೆಂದು ಇದನ್ನು ತಿದ್ದಿ, ಬೆಕ್ಕುಗಳಿಗೆ ಬೆಣ್ಣೆ ಹಂಚಿದ ಕೋತಿಯಂತೆ ಕೊನೆಗೆ ಕಣ್ಣೇ ಮಾಯವಾಗುವುದುಂಟು. ಮದುವೆಮನೆಯ ಸೆಕೆಗೆ ಕಾಡಿಗೆ ಕೆನ್ನೆಗಿಳಿದು, ವಿಡಿಯೋದಲ್ಲಿ ಶಾಶ್ವತವಾಗಿ ಉಳಿಯುವುದುಂಟು. ಅಂಥವಕ್ಕೆ ಒಂದಿಷ್ಟು ಕೊಬ್ಬರಿ ಎಣ್ಣೆ, ಒಂದು ಕರವಸ್ತ್ರ ಸಾಕು.

ಆದರೆ ರೆಪ್ಪೆಯ ಮಿನುಗಿಗೂ ಒಬ್ಬರು ಬೆಲೆ ತೆರುತ್ತಾರೆ. ಅದು ಅಭ್ರಕದ, ನಮ್ಮ ಮಕ್ಕಳು ಕಾಗೆಬಂಗಾರವೆಂದು ಆರಿಸಿ ಆಡುವ ವಸ್ತುವಿನ, ಕೊಡುಗೆ. ಜಾರ್ಖಂಡಿನ ಕೋಡರ್ಮಾ, ಗಿರಿಡಿ ಜಿಲ್ಲೆಗಳು ಅದಕ್ಕೆ ಹೆಸರುವಾಸಿ. ಅಲ್ಲಿ ಪಾಳುಬಿದ್ದ ಗಣಿಗಳಲ್ಲಿ ಅಭ್ರಕದ ಚೂರು ಆಯುವ ಮಕ್ಕಳು ಮಣ್ಣು ಕುಸಿದು ಸಾಯುತ್ತಿರುವುದನ್ನು 2016ರಲ್ಲಿ ಸುದ್ದಿಸಂಸ್ಥೆಗಳು ಬಯಲಿಗೆಳೆದವು. ಮರುವರ್ಷ ಹಲವು ಕಂಪನಿಗಳು ಸೇರಿ ಬಾಲಕಾರ್ಮಿಕರಿಲ್ಲದ ಅಭ್ರಕಕ್ಕಾಗಿ ಒಂದು ಒಕ್ಕೂಟ ರಚಿಸಿದವು.

ಕೊಳ್ಳುವವರು ಮಾಡಬಹುದಾದದ್ದು ಇಷ್ಟು: ತಯಾರಕರ ವಿಳಾಸ, ತಾರೀಖು ಇಲ್ಲದ ಡಬ್ಬಿಯನ್ನು ಅಗ್ಗವೆಂದು ಕೊಳ್ಳದಿರುವುದು, ಕಣ್ಣಿನ ಪೆನ್ಸಿಲು, ಕುಂಚಗಳನ್ನು ಗೆಳತಿಯರೊಡನೆ ಹಂಚಿಕೊಳ್ಳದಿರುವುದು, ಒಣಗಿದ ಬಣ್ಣಕ್ಕೆ ಎಂಜಲು ತಾಗಿಸದಿರುವುದು, ಕಣ್ಣು ಕೆಂಪಾದಾಗ ಬಣ್ಣಕ್ಕೆ ರಜೆ ಕೊಡುವುದು.

ಇನ್ನೊಂದು ಮಾತು ಬಾಕಿಯಿದೆ. ಲ್ಯಾಷ್ ಲ್ಯೂರ್ ಹೋಯಿತು, ಅದರೊಳಗಿನ ರಾಸಾಯನಿಕ ಹೋಗಲಿಲ್ಲ. ನರೆಗೂದಲಿಗೆ ಹಚ್ಚುವ ಅನೇಕ ಕಪ್ಪು ಬಣ್ಣಗಳಲ್ಲಿ ಅದು ಇಂದಿಗೂ ಇದೆ. ಅಮೆರಿಕದ 1938ರ ಕಾನೂನು ಡಾಂಬರು ಮೂಲದ ಕೂದಲಿನ ಬಣ್ಣಗಳಿಗೆ ಒಂದು ಷರತ್ತಿನ ಮೇಲೆ ವಿನಾಯಿತಿ ಕೊಟ್ಟಿತು: ಡಬ್ಬಿಯ ಮೇಲೆ ಎಚ್ಚರಿಕೆ ಇರಲೇಬೇಕು. ನಮ್ಮ ನಿಯಮಗಳೂ ಅದೇ ಎಚ್ಚರಿಕೆಯನ್ನು ಕಡ್ಡಾಯ ಮಾಡಿದವು. ಮನೆಯಲ್ಲಿ ಕೂದಲಿಗೆ ಹಚ್ಚುವ ಬಣ್ಣದ ಪೊಟ್ಟಣವಿದ್ದರೆ ತಿರುಗಿಸಿ ನೋಡಿ. ಹುಬ್ಬಿಗೆ, ರೆಪ್ಪೆಗೂದಲಿಗೆ ಇದನ್ನು ಬಳಸಕೂಡದು, ಬಳಸಿದರೆ ಕುರುಡುತನ ಉಂಟಾಗಬಹುದು ಎಂಬರ್ಥದ ಸಾಲು ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಯಾರೂ ಓದದ ಆ ಸಾಲಿನ ಹಿಂದೆ, ಒಂದು ಸಂಜೆಯ ಸಮಾರಂಭಕ್ಕೆ ಚೆಂದ ಕಾಣಲು ಹೊರಟ ಡೇಟನ್ನಿನ ಮಹಿಳೆಯ ಎರಡು ಕಣ್ಣುಗಳಿವೆ.